ಪಟ್ಟಿ ಉದ್ದವಾಯಿತೆಂದರೆ ಕರೆ ಇಲ್ಲವೆಂದಲ್ಲ

ಕಷ್ಟದಲ್ಲಿರುವ 40 ಜನರ ಹೆಸರು ಹಿಡಿದು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ತೂಕಡಿಕೆ ಬರುತ್ತದೆ, ಹಾಗಾದರೆ ನನಗೆ ದೇವರ ಸೇವೆಯ ಕರೆಯೇ ಇಲ್ಲವೇ, ಓದು ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬಹುಶಃ ತೊಂದರೆ ಕರೆಯದ್ದಲ್ಲ, ಪಟ್ಟಿಯದ್ದು ಮತ್ತು ಹೊತ್ತಿನದ್ದು.

ಮೊದಲು ಹೆಸರುಗಳನ್ನು ವಾರದ 7 ದಿನಕ್ಕೆ ಹಂಚಿ. ದಿನಕ್ಕೆ ಆರು ಸಾಕು. ಬೆಳಿಗ್ಗೆ ಓದಲು ಕೂರುವ ಮುಂಚಿನ 15 ನಿಮಿಷ ಇದಕ್ಕಿಡಿ. ನೋಟ್‌ಬುಕ್‌ನಲ್ಲಿ ಪ್ರತಿ ಹೆಸರಿನ ಮುಂದೆ ಒಂದೇ ಸಾಲು: ‘ಕೆಲಸ ಹೋಗಿದೆ, ಗುರುವಾರ ಸಂದರ್ಶನ.’ ‘ಆಶೀರ್ವದಿಸು’ ಎಂದಷ್ಟೇ ಬರೆದರೆ ಮೂರನೇ ದಿನಕ್ಕೆ ಬಾಯಿಪಾಠವಾಗುತ್ತದೆ. ಗುಟ್ಟಾಗಿ ಹೇಳಿಕೊಂಡದ್ದಾದರೆ ಮೊದಲಕ್ಷರ ಮಾತ್ರ ಬರೆಯಿರಿ, ಅವರ ಒಪ್ಪಿಗೆಯಿಲ್ಲದೆ ಗುಂಪಿನ ಪ್ರಾರ್ಥನೆಗೆ ಒಯ್ಯಬೇಡಿ. ಪ್ರಾರ್ಥನೆಯ ಹೆಸರಿನಲ್ಲಿ ಊರ ಸುದ್ದಿ ಹರಡುವುದು ಹೀಗೆಯೇ.

ಮಾತೇ ಹೊರಡದಿದ್ದರೆ ಬೈಬಲಿನ 13ನೇ ಕೀರ್ತನೆಯನ್ನು, ‘ನನ್ನ’ ಎಂದಿರುವಲ್ಲಿ ಅವರ ಹೆಸರಿಟ್ಟು, ನಿಧಾನವಾಗಿ ಓದಿ. ಮಾತಿಲ್ಲದ ನರಳಾಟಕ್ಕೂ ಬೈಬಲಿನಲ್ಲೇ, ರೋಮಾಪುರದವರಿಗೆ ಬರೆದ ಪತ್ರದ 8:26ರಲ್ಲಿ, ಜಾಗವಿದೆ.

ವಾರಕ್ಕೆ ಇಬ್ಬರಿಗಾದರೂ ಫೋನ್ ಮಾಡಿ ವಿಚಾರಿಸಿ, ಸಾಲು ತಿದ್ದಿ. ಯಾರಾದರೂ ಸಾಯುವ ಮಾತಾಡಿದರೆ ಪ್ರಾರ್ಥನೆಯೊಂದೇ ಸಾಲದು. ಆ ಕ್ಷಣವೇ ಮನೆಯವರಿಗೋ ವೈದ್ಯರಿಗೋ ತಿಳಿಸಿ, ಅಲ್ಲಿ ಗುಟ್ಟಿನ ಮಾತಿಲ್ಲ.

ಕರೆ ಇದೆಯೋ ಇಲ್ಲವೋ ದೂರದಿಂದ ಹೇಳಲಾಗದು. ಮೂರು ತಿಂಗಳು ಹೀಗೆ ನಡೆಸಿ, ಆ ನೋಟ್‌ಬುಕ್ ಹಿಡಿದು ನಿಮ್ಮ ಚರ್ಚಿನ ಸಭಾಪಾಲಕರ ಜೊತೆ ಕೂತು ಮಾತಾಡಿ. ಅಲ್ಲಿಯವರೆಗೆ ಓದು ಬಿಡುವ ನಿರ್ಧಾರ ಬೇಡ.