ಹುಡುಗನ ವೇಷದ ಹುಡುಗಿ, ಹುಡುಗಿಯ ವೇಷದ ಹುಡುಗ: ಈ ಮಾಂಗಾಗಳಲ್ಲಿ ಕೆಲವು ಮಾತ್ರ ಇಂಗ್ಲಿಷಿಗೆ ಬರುವುದು ಯಾಕೆ?

ನೀವು 'ಔರಾನ್ ಹೈಸ್ಕೂಲ್ ಹೋಸ್ಟ್ ಕ್ಲಬ್' ಎಂಬ ಆನಿಮೆ (ಜಪಾನಿ ಕಾರ್ಟೂನ್ ಸರಣಿ) ನೋಡಿ ಮುಗಿಸಿದ್ದೀರಿ. ವೇಷ ಬದಲಿಸಿಕೊಂಡು ಪ್ರೀತಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಅಂಥದ್ದೇ ಕಾಮಿಡಿ ಮಾಂಗಾಗಳು, ಅಂದರೆ ಜಪಾನಿ ಕಾಮಿಕ್ಸ್, ಇನ್ನಷ್ಟು ಬೇಕು. ಆದರೆ ಹುಡುಕಿದರೆ ಕೆಲವು ಪೂರ್ತಿ ಸಿಗುತ್ತವೆ, ಕೆಲವು ಅರ್ಧಕ್ಕೆ ನಿಂತಿವೆ, ಕೆಲವು ಇಂಗ್ಲಿಷಿಗೇ ಬಂದಿಲ್ಲ. ಇದಕ್ಕೇನಾದರೂ ಲೆಕ್ಕ ಇದೆಯಾ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಲೆಕ್ಕ ಇದೆ. ಕಥೆ ಎಷ್ಟು ಚೆನ್ನಾಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಆ ಮಾಂಗಾ ಜಪಾನಿನಲ್ಲಿ ಯಾವ ಪತ್ರಿಕೆಯಲ್ಲಿ ಬಂತು, ಆ ಪತ್ರಿಕೆಯ ಮನೆಯವರಿಗೆ ಅಮೆರಿಕದಲ್ಲಿ ನೆಂಟರು ಯಾರು, ಮೊದಲು ಅದನ್ನು ನೋಡಬೇಕು. ಇಷ್ಟು ಗೊತ್ತಾದರೆ ಒಂದು ಮಾಂಗಾ ನಿಮ್ಮ ಕೈಗೆ ಸಿಗುತ್ತದೋ ಇಲ್ಲವೋ ಎಂದು ಸುಮಾರಾಗಿ ಊಹಿಸಬಹುದು.

ಔರಾನ್ ಅನ್ನೇ ತೆಗೆದುಕೊಳ್ಳಿ. ಬಿಸ್ಕೊ ಹಾತೊರಿ ಬರೆದದ್ದು. 2002ರಿಂದ 2010ರವರೆಗೆ 'ಲಾಲಾ' ಎಂಬ ಪತ್ರಿಕೆಯಲ್ಲಿ ಬಂತು, 18 ಸಂಪುಟ. ಲಾಲಾ ಹಾಕುಸೆನ್ಶಾ ಎಂಬ ಪ್ರಕಾಶನದ ಪತ್ರಿಕೆ. ಹಾಕುಸೆನ್ಶಾವನ್ನು 1973ರಲ್ಲಿ ಹುಟ್ಟುಹಾಕಿದ್ದು ಶುಯೇಶಾ ಎಂಬ ದೊಡ್ಡ ಪ್ರಕಾಶನ. ಶುಯೇಶಾ ಮತ್ತು ಇನ್ನೊಂದು ಪ್ರಕಾಶನ ಶೋಗಾಕುಕಾನ್ ಒಂದೇ ಬಳಗದವರು. ಈ ಇಬ್ಬರ ಕೈಯಲ್ಲೇ ಇರುವುದು ಮಾಂಗಾವನ್ನು ಇಂಗ್ಲಿಷಿಗೆ ತರುವ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ ಮೀಡಿಯಾ. ಹಾಗಾಗಿ ಲಾಲಾದಲ್ಲಿ, ಅದರ ಅಕ್ಕ ಪತ್ರಿಕೆ 'ಹಾನಾ ತೊ ಯುಮೆ'ಯಲ್ಲಿ ಬಂದ ಕಥೆಗಳಿಗೆ ವಿಜ್ ಬಾಗಿಲು ಹತ್ತಿರ. ಹುಡುಗರ ಶಾಲೆಗೆ ಹುಡುಗಿ ನುಗ್ಗುವಂಥ ಕಥೆಗಳು ಈ ಎರಡು ಪತ್ರಿಕೆಗಳಲ್ಲಿ ಒಂದರ ಹಿಂದೆ ಒಂದು ಬಂದವು. ನಿಮ್ಮಂಥ ಓದುಗರಿಗೆ ಇದು ಅದೃಷ್ಟ.

ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಎಲ್ಲವೂ ಅಲ್ಲಿಗೇ ಹೋಗುತ್ತದೆ ಎಂದಲ್ಲ. 'ಫ್ರೂಟ್ಸ್ ಬಾಸ್ಕೆಟ್' ಕೂಡ ಹಾಕುಸೆನ್ಶಾದ್ದೇ. ಅದು ಮೊದಲು ಟೋಕ್ಯೋಪಾಪ್ ಎಂಬ ಅಮೆರಿಕದ ಪ್ರಕಾಶನಕ್ಕೆ ಹೋಯಿತು, ಆಮೇಲೆ ಅಲ್ಲಿಯದೇ ಯೆನ್ ಪ್ರೆಸ್ ಕೈಗೆ. ಯಾರು ಮುಂಚೆ ಬಂದು ಕೇಳಿದರು, ಎಷ್ಟು ಮುಂಗಡ ಕೊಟ್ಟರು ಎಂಬುದೂ ಮುಖ್ಯ.

ಔರಾನ್ ಆದಮೇಲೆ ನೀವು ಓದಬೇಕಾದದ್ದು 'ಹಾನಾ-ಕಿಮಿ'. ಹಿಸಾಯಾ ನಾಕಾಜೊ ಬರೆದದ್ದು, ಹಾನಾ ತೊ ಯುಮೆಯಲ್ಲಿ 1996ರಿಂದ 2004, 23 ಸಂಪುಟ. ವಿಜ್ ಪೂರ್ತಿ ತಂದಿತು, ಆಮೇಲೆ ಮೂರು ಮೂರು ಸಂಪುಟ ಸೇರಿಸಿ ದಪ್ಪ ಪುಸ್ತಕವಾಗಿಯೂ ತಂದಿತು. ಅಮೆರಿಕದಲ್ಲಿ ಬೆಳೆದ ಜಪಾನಿ ಹುಡುಗಿ ಮಿಜುಕಿಗೆ ಹೈಜಂಪ್ ಆಟಗಾರ ಸಾನೊ ಅಂದರೆ ಪ್ರಾಣ. ಅವನು ಓದುವ ಹುಡುಗರ ಶಾಲೆಗೆ ಹುಡುಗನ ಹಾಗೆ ಬಂದು ಸೇರುತ್ತಾಳೆ. ಹಾಸ್ಟೆಲ್ಲಿನಲ್ಲಿ ಅವನ ಕೋಣೆಯೇ ಸಿಗುತ್ತದೆ. ಕೇಳಿದರೆ ತೀರಾ ಸವಕಲು ಅನ್ನಿಸುತ್ತದೆ, ಅಲ್ವಾ? ಆದರೆ ನಾಕಾಜೊ ಒಂದು ಜಾಣತನ ಮಾಡಿದ್ದಾರೆ. ಮಿಜುಕಿ ಹುಡುಗಿ ಎಂದು ಸಾನೊಗೆ ಬೇಗನೇ ಗೊತ್ತಾಗಿಬಿಡುತ್ತದೆ. ಅವನು ಬಾಯಿ ಬಿಡುವುದಿಲ್ಲ. ಹೀಗಾಗಿ ಅವಳು ಗುಟ್ಟು ಕಾಪಾಡಲು ಪಡುವ ಪಾಡನ್ನು ಅವನೂ ನೋಡುತ್ತಾನೆ, ನಾವೂ ನೋಡುತ್ತೇವೆ. ಇನ್ನೊಬ್ಬ ಗೆಳೆಯ ನಾಕಾತ್ಸುಗೆ ಮಾತ್ರ ವಿಷಯ ಗೊತ್ತಿಲ್ಲ. ಹುಡುಗನ ಮೇಲೆ ಮನಸ್ಸಾಗಿಬಿಟ್ಟಿತಲ್ಲ ಎಂದು ಅವನು ಒದ್ದಾಡುವುದೇ ಅರ್ಧ ಕಾಮಿಡಿ. ಅದರಲ್ಲಿ ಕೆಲವು ಜೋಕುಗಳು ಈಗ ಓದಿದರೆ ಸ್ವಲ್ಪ ಚುಚ್ಚುತ್ತವೆ. ಆದರೂ ನಾಕಾತ್ಸುವನ್ನು ಲೇಖಕಿ ಬರೀ ನಗೆಪಾಟಲು ಮಾಡಿ ಬಿಟ್ಟಿಲ್ಲ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದವನು ಅವನೇ. ಇದು 2006ರಲ್ಲಿ ತೈವಾನಿನಲ್ಲಿ, 2007ರಲ್ಲಿ ಜಪಾನಿನಲ್ಲಿ, 2012ರಲ್ಲಿ ಕೊರಿಯಾದಲ್ಲಿ ಟಿವಿ ಧಾರಾವಾಹಿಯಾಯಿತು. ಕೊರಿಯನ್ ಡ್ರಾಮಾ ನೋಡುವವರಿಗೆ ಕಥೆ ಎಲ್ಲೋ ಕೇಳಿದಂತಿದೆ ಅನ್ನಿಸಿದರೆ ಕಾರಣ ಅದು.

ಔರಾನ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಾಯಕಿ ಹರುಹಿ ಹುಡುಗಿ ಎಂಬ ಗುಟ್ಟು ಶಾಲೆಯ ಹೋಸ್ಟ್ ಕ್ಲಬ್ಬಿನ ಹುಡುಗರಿಗೆಲ್ಲ ಮೊದಲ ಕಂತಿನಲ್ಲೇ ತಿಳಿಯುತ್ತದೆ. 80 ಲಕ್ಷ ಯೆನ್ ಹೂದಾನಿ ಒಡೆದ ಸಾಲ ತೀರಿಸಲು ಅವಳು ಹುಡುಗನ ಬಟ್ಟೆ ತೊಟ್ಟಿದ್ದಾಳೆ. ತಾನು ಹುಡುಗನ ಹಾಗೆ ಕಂಡರೆ ಏನು, ಹುಡುಗಿಯ ಹಾಗೆ ಕಂಡರೆ ಏನು ಎನ್ನುವ ಜಾತಿಯವಳು. ಹಾಗಾಗಿ ಅಲ್ಲಿ ಸಿಕ್ಕಿಬೀಳುವ ಭಯಕ್ಕಿಂತ, ಅವಳ ಸುತ್ತ ಇರುವ ಶ್ರೀಮಂತ ಹುಡುಗರ ಪೆದ್ದುತನ ಹೆಚ್ಚು ನಗಿಸುತ್ತದೆ. ನೀವು ಆನಿಮೆ ಮಾತ್ರ ನೋಡಿದ್ದರೆ ಮಾಂಗಾ ತಪ್ಪದೆ ಓದಿ. 2006ರ ಆನಿಮೆ 26 ಕಂತಿಗೆ ಮುಗಿಯಿತು. ಆಗ ಮಾಂಗಾ ಇನ್ನೂ ನಡೆಯುತ್ತಿತ್ತು. ನಿಜವಾದ ಮುಕ್ತಾಯ ಇರುವುದು ಪುಸ್ತಕದಲ್ಲಿ.

ಹುಡುಗ ಹುಡುಗಿಯ ವೇಷ ಹಾಕುವ ಕಥೆ ಬೇಕಿದ್ದರೆ ಎಮುರಾ ಬರೆದ 'ಡಬ್ಲ್ಯೂ ಜೂಲಿಯೆಟ್', 14 ಸಂಪುಟ. ಇದೂ ಹಾನಾ ತೊ ಯುಮೆಯದ್ದು, ಇದನ್ನೂ ವಿಜ್ ತಂದಿದೆ. ನಟನಾಗಬೇಕೆಂಬ ಮಗನಿಗೆ ಅಪ್ಪ ಒಂದು ಷರತ್ತು ಹಾಕುತ್ತಾನೆ. ಶಾಲೆ ಮುಗಿಯುವವರೆಗೆ ಹುಡುಗಿಯಾಗಿ ಬಾಳು, ಯಾರಿಗೂ ಗೊತ್ತಾಗಬಾರದು. ಅವನಿಗೆ ಸಿಗುವವಳು ಎತ್ತರದ, ಗಂಡುಬೀರಿ ಎನ್ನಿಸಿಕೊಂಡ ಹುಡುಗಿ. ಶಾಲೆಯ ನಾಟಕದಲ್ಲಿ ಅವಳು ರೋಮಿಯೋ, ಅವನು ಜೂಲಿಯೆಟ್. ಚಿತ್ರ ಬಿಡಿಸಿದ ಶೈಲಿ ಸ್ವಲ್ಪ ಹಳೆಯ ಕಾಲದ್ದು, ಆದರೆ ಜೋಡಿ ಬಹಳ ಮುದ್ದಾಗಿದೆ.

ಈಗ ಅರ್ಧಕ್ಕೆ ನಿಂತವುಗಳ ವಿಷಯ. ಇಲ್ಲಿ ಲೈಸೆನ್ಸ್ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಹೊರದೇಶದ ಪ್ರಕಾಶಕ ಮಾಂಗಾವನ್ನು ಕೊಂಡುಕೊಳ್ಳುವುದಿಲ್ಲ. ಇಂತಿಷ್ಟು ವರ್ಷಕ್ಕೆ, ಇಂಥ ಭಾಷೆಯಲ್ಲಿ, ಇಂಥ ದೇಶಗಳಲ್ಲಿ ಅಚ್ಚು ಹಾಕಿ ಮಾರಲು ಅನುಮತಿ ಪಡೆಯುತ್ತಾನೆ. ಮುಂಗಡ ಹಣ ಕೊಡುತ್ತಾನೆ, ಮಾರಾಟ ಆದಂತೆ ರಾಯಧನ. ಅಚ್ಚಿಗೊಂದು, ಡಿಜಿಟಲ್‌ಗೊಂದು ಬೇರೆ ಬೇರೆ ಒಪ್ಪಂದ ಇರಬಹುದು. ಅವಧಿ ಮುಗಿದಾಗ ಜಪಾನಿನವರು ಮುಂದುವರಿಸದೇ ಇದ್ದರೆ ಪುಸ್ತಕ ಅಂಗಡಿಯಿಂದ ಮಾಯ. ಗೋದಾಮಿನಲ್ಲಿ ಉಳಿದದ್ದು ಖಾಲಿಯಾದರೆ ಮುಗಿಯಿತು.

2000ರ ದಶಕದಲ್ಲಿ ಅಮೆರಿಕದಲ್ಲಿ ಮಾಂಗಾ ಜಾತ್ರೆ ನಡೆಯುತ್ತಿದ್ದಾಗ ಟೋಕ್ಯೋಪಾಪ್ ರಾಶಿ ರಾಶಿ ಲೈಸೆನ್ಸ್ ತೆಗೆದುಕೊಂಡಿತು. ಶಿಜುರು ಸೆಯಿನೊ ಬರೆದ 'ಗರ್ಲ್ ಗಾಟ್ ಗೇಮ್' ಆಗ ಬಂದದ್ದು. ಮಗಳನ್ನು ಬಾಸ್ಕೆಟ್‌ಬಾಲ್ ತಾರೆ ಮಾಡಬೇಕೆಂಬ ಅಪ್ಪನ ಹುಚ್ಚಿಗೆ ಅವಳು ಹುಡುಗರ ತಂಡದಲ್ಲಿ, ಹುಡುಗರ ಹಾಸ್ಟೆಲ್ಲಿನಲ್ಲಿ ಹುಡುಗನಾಗಿ ಇರಬೇಕಾಗುತ್ತದೆ. ಹತ್ತು ಸಂಪುಟ, ಶುದ್ಧ ಗದ್ದಲ. ಇದರ ಮೂಲ ಪ್ರಕಾಶಕರು ಕೊದಾನ್ಶಾ. 2008ರಲ್ಲಿ ಕೊದಾನ್ಶಾ ಅಮೆರಿಕದಲ್ಲಿ ತನ್ನದೇ ಕಂಪನಿ ಮಾಡಿಕೊಂಡಿತು. ಮಾರನೆಯ ವರ್ಷವೇ ಟೋಕ್ಯೋಪಾಪ್ ಜೊತೆಗಿನ ಒಪ್ಪಂದಗಳನ್ನು ಮುಂದುವರಿಸುವುದಿಲ್ಲ ಎಂದಿತು. ತನ್ನ ದೊಡ್ಡ ಹೆಸರುಗಳನ್ನು ತಾನೇ ಮತ್ತೆ ಅಚ್ಚು ಹಾಕಿತು, ಚಿಕ್ಕವನ್ನು ಯಾರೂ ಕೇಳಲಿಲ್ಲ. 2011ರ ಫೆಬ್ರವರಿಯಲ್ಲಿ ಬಾರ್ಡರ್ಸ್ ಎಂಬ ದೊಡ್ಡ ಪುಸ್ತಕದಂಗಡಿ ಸರಣಿ ದಿವಾಳಿ ಅರ್ಜಿ ಹಾಕಿತು. ಮಾಂಗಾ ಮಾರುತ್ತಿದ್ದ ದೊಡ್ಡ ಜಾಗಗಳಲ್ಲಿ ಅದೂ ಒಂದು. ಅದೇ ವರ್ಷ ಮೇ ತಿಂಗಳಲ್ಲಿ ಟೋಕ್ಯೋಪಾಪ್‌ನ ಅಮೆರಿಕದ ಪ್ರಕಾಶನ ಮುಚ್ಚಿತು.

ಮುಂದೆ ಅದು ಮತ್ತೆ ಶುರುವಾಯಿತು, ಆದರೆ ಹಳೆಯ ಲೈಸೆನ್ಸ್‌ಗಳು ತಾವಾಗಿ ಮರಳಿ ಬರಲಿಲ್ಲ. ಆಯ್ ಮೊರಿನಾಗಾ ಬರೆದ 'ಯುವರ್ ಅಂಡ್ ಮೈ ಸೀಕ್ರೆಟ್' ಪಾಡು ಕೇಳಿ. ಅದು ವೇಷದ್ದಲ್ಲ, ಹುಡುಗ ಹುಡುಗಿಯ ದೇಹ ಅದಲು ಬದಲಾಗುವ ಕಥೆ. ಆದರೂ ಇದೇ ಸಾಲಿನದ್ದು. ಎಡಿವಿ ಮಾಂಗಾ ಎಂಬ ಅಮೆರಿಕದ ಪ್ರಕಾಶನ ಒಂದು ಸಂಪುಟ ತಂದು ಕೈಬಿಟ್ಟಿತು. ವರ್ಷಗಳ ನಂತರ ಟೋಕ್ಯೋಪಾಪ್ ಎತ್ತಿಕೊಂಡಿತು. ಆಮೇಲೆ ಟೋಕ್ಯೋಪಾಪ್‌ಗೇ ಬೀಗ ಬಿತ್ತು.

ಓದುಗರಿಗೆ ಇದರಲ್ಲಿ ಇನ್ನೊಂದು ಪೇಚು ಇತ್ತು. ಅಭಿಮಾನಿಗಳೇ ಪುಟ ಸ್ಕ್ಯಾನ್ ಮಾಡಿ ಅನುವಾದಿಸಿ ಹಂಚುತ್ತಾರಲ್ಲ, ಆ ಸ್ಕ್ಯಾನ್ಲೇಶನ್ ಗುಂಪುಗಳಲ್ಲಿ ಹಲವರದ್ದು ಹಳೆಯ ಕಟ್ಟುಪಾಡು. ಅಧಿಕೃತ ಲೈಸೆನ್ಸ್ ಸುದ್ದಿ ಬಂದ ದಿನವೇ ಕೆಲಸ ನಿಲ್ಲಿಸಿ, ಹಾಕಿದ್ದನ್ನು ತೆಗೆದುಬಿಡುತ್ತಿದ್ದರು. ನ್ಯಾಯವೇ. ಆದರೆ ಲೈಸೆನ್ಸ್ ಪಡೆದವರು ಮಧ್ಯೆ ನಿಲ್ಲಿಸಿದರೆ ಅದೂ ಇಲ್ಲ, ಇದೂ ಇಲ್ಲ. ಆಗ ತಮಗಿಷ್ಟದ ಕಥೆಗೆ ಲೈಸೆನ್ಸ್ ಆಯಿತು ಎಂದರೆ ಕುಣಿಯುವವರಷ್ಟೇ ಜನ ಹೆದರುವವರೂ ಇದ್ದರು.

ನಿಧಾನದ ಗೋಳು ಬೇರೆ. ತಾಯೆಕೊ ವಾತಾನಾಬೆಯವರ 'ಕಾಜೆ ಹಿಕಾರು' ನೋಡಿ. ಕ್ಯೋಟೋದ ಕತ್ತಿವೀರರ ದಳಕ್ಕೆ ಹುಡುಗಿಯೊಬ್ಬಳು ಹುಡುಗನಾಗಿ ಸೇರುವ ಕಥೆ. ಜಪಾನಿನಲ್ಲಿ 45 ಸಂಪುಟ. ಶೋಗಾಕುಕಾನ್ ಕಥೆ, ಅಂದರೆ ವಿಜ್ ಮನೆಯದ್ದೇ. ಆದರೂ ಮಾರಾಟ ಕಡಿಮೆ ಇದ್ದರೆ ನೆಂಟರೂ ಅಷ್ಟೇ ನೋಡಿ. ಕೊನೆಕೊನೆಗೆ ಅಚ್ಚಿನಲ್ಲಿ ವರ್ಷಕ್ಕೊಂದೇ ಸಂಪುಟ ಬರತೊಡಗಿತು. ನಿಲ್ಲಿಸಲಿಲ್ಲ, ಅದಕ್ಕೆ ಮೆಚ್ಚಬೇಕು.

ನನ್ನನ್ನು ಕೇಳಿದರೆ ಈ ಸಾಲಿನಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಕಿಕೊ ಹಿಗಾಶಿಮುರಾ ಬರೆದ 'ಪ್ರಿನ್ಸೆಸ್ ಜೆಲ್ಲಿಫಿಶ್'. ಅದು ಬಂದದ್ದೂ ತಡವಾಗಿ. ಗಂಡಸರಿಗೆ ಪ್ರವೇಶವೇ ಇಲ್ಲದ ಹಳೇ ಮನೆಯಲ್ಲಿ ಒಂದಷ್ಟು ಅಂಜುಬುರುಕ ಹೆಂಗಸರು ತಮ್ಮ ತಮ್ಮ ಹುಚ್ಚುಗಳ ಜೊತೆ ಬದುಕುತ್ತಿದ್ದಾರೆ. ಒಬ್ಬಳಿಗೆ ರೈಲು, ಒಬ್ಬಳಿಗೆ ಕಿಮೊನೊ, ನಾಯಕಿ ತ್ಸುಕಿಮಿಗೆ ಲೋಳೆಮೀನು. ಅವಳು ಒಂದು ರಾತ್ರಿ ಮನೆಗೆ ಕರೆತಂದ ಸೊಗಸುಗಾತಿ ಬೆಳಗಾದಾಗ ನೋಡಿದರೆ ಹುಡುಗ. ರಾಜಕಾರಣಿಯ ಮಗ ಕುರಾನೊಸುಕೆ. ಅವನಿಗೆ ಹೆಣ್ಣಿನ ಬಟ್ಟೆ ಇಷ್ಟ, ಅಷ್ಟೇ. ಯಾವ ಶಾಲೆಗೆ ನುಗ್ಗಲೂ ಅಲ್ಲ, ಯಾವ ಷರತ್ತಿಗೂ ಅಲ್ಲ. ಇಲ್ಲಿ ಬಟ್ಟೆಗೆ ನಿಜವಾದ ಬೆಲೆ ಇದೆ. ಮನೆ ಉಳಿಸಿಕೊಳ್ಳಲು ಇವರೆಲ್ಲ ಸೇರಿ ಲೋಳೆಮೀನಿನ ಆಕಾರದ ಉಡುಪು ಹೊಲಿಯುವಾಗ ಕಥೆ ಬೇರೆಯೇ ಮಟ್ಟಕ್ಕೆ ಏರುತ್ತದೆ. ಜಪಾನಿನಲ್ಲಿ ಶುರುವಾದದ್ದು 2008, ಆನಿಮೆ 2010. ಇಂಗ್ಲಿಷ್ ಪುಸ್ತಕ ಬಂದದ್ದು 2016ರಲ್ಲಿ. ದೊಡ್ಡ ಹೆಂಗಸರಿಗಾಗಿ ಬರೆದ ಮಾಂಗಾ ಅಮೆರಿಕದಲ್ಲಿ ಓಡುವುದಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ಕೊನೆಗೆ ಕೊದಾನ್ಶಾದ ಅಮೆರಿಕದ ಮನೆಯೇ 17 ಸಂಪುಟವನ್ನು 9 ದಪ್ಪ ಪುಸ್ತಕ ಮಾಡಿ ಮುಗಿಸಿತು.

ಹಾಗಾದರೆ ಅಮೆರಿಕದಲ್ಲಿ ಯಾವ ನೆಂಟರೂ ಇಲ್ಲದ ಚಿಕ್ಕ ಪ್ರಕಾಶಕರ ಕಥೆಗಳು? ಅವುಗಳಲ್ಲಿ ಬಹಳಷ್ಟನ್ನು ಈಗ ಸೆವೆನ್ ಸೀಸ್ ಎಂಬ ಅಮೆರಿಕದ ಪ್ರಕಾಶನ ತರುತ್ತಿದೆ. 2004ರಲ್ಲಿ ಸ್ವತಂತ್ರವಾಗಿ ಶುರುವಾದ ಕಂಪನಿ, ಯಾವ ಜಪಾನಿ ಪ್ರಕಾಶಕರೂ ಹುಟ್ಟುಹಾಕಿದ್ದಲ್ಲ. ಹಾಗಾಗಿ ಎಲ್ಲಿಂದ ಬೇಕಾದರೂ ಆರಿಸುತ್ತದೆ, ಬೇರೆಯವರು ಮುಟ್ಟದ್ದನ್ನೂ ಮುಟ್ಟುತ್ತದೆ. ತೊರು ಬರೆದ 'ಕ್ರಾಸ್‌ಪ್ಲೇ ಲವ್' ಅವರದ್ದು. ಇಬ್ಬರು ಹುಡುಗರು, ಒಬ್ಬ ಪುಕ್ಕಲ, ಇನ್ನೊಬ್ಬ ರೌಡಿ. ಇಬ್ಬರೂ ಗುಟ್ಟಾಗಿ ಹುಡುಗಿ ವೇಷ ಹಾಕುತ್ತಾರೆ, ಎದುರಿನವಳು ನಿಜವಾದ ಹುಡುಗಿ ಎಂದುಕೊಂಡು ಪರಸ್ಪರ ಮನಸೋಲುತ್ತಾರೆ. ಹಗಲು ಶಾಲೆಯಲ್ಲಿ ಇಬ್ಬರಿಗೂ ಆಗುವುದಿಲ್ಲ. ಕಥೆ ತೆಳ್ಳಗಿದೆ, ನಗು ಗ್ಯಾರಂಟಿ. ಸೆವೆನ್ ಸೀಸ್ ಪ್ರತಿ ತಿಂಗಳು ಓದುಗರಿಂದ ಸಮೀಕ್ಷೆ ತೆಗೆದುಕೊಳ್ಳುತ್ತದೆ, ಯಾವ ಮಾಂಗಾ ಬೇಕು ಎಂದು ಅದರಲ್ಲಿ ಬರೆಯಬಹುದು. ಸುಮ್ನೆ ಎಲ್ಲೋ ಗೊಣಗುವ ಬದಲು ಅಲ್ಲಿ ಬರೆಯಿರಿ.

ಟ್ವಿಟರ್‌ನಲ್ಲಿ ಶುರುವಾಗಿ ಪುಸ್ತಕವಾದದ್ದೂ ಇದೆ. ಸುಮಿಕೊ ಅರಾಯ್ ಬರೆದ 'ದಿ ಗೈ ಶಿ ವಾಸ್ ಇಂಟರೆಸ್ಟೆಡ್ ಇನ್ ವಾಸಂಟ್ ಎ ಗೈ ಅಟ್ ಆಲ್'. ಸಿಡಿ ಅಂಗಡಿಯ ಸ್ಟೈಲಿಶ್ ಹುಡುಗನ ಮೇಲೆ ಆಯಾಗೆ ಮನಸ್ಸು. ಆ 'ಹುಡುಗ' ಅವಳ ತರಗತಿಯಲ್ಲೇ ಕೂರುವ ಮೌನಿ ಹುಡುಗಿ. ಕಪ್ಪು ಮತ್ತು ಹಸಿರು ಎರಡೇ ಬಣ್ಣದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಪ್ರಕಾಶಕರು ಜಪಾನಿನಲ್ಲಿ ಕದೊಕಾವಾ, ಇಂಗ್ಲಿಷಿನಲ್ಲಿ ಯೆನ್ ಪ್ರೆಸ್. ಯೆನ್ ಪ್ರೆಸ್ಸಿನಲ್ಲಿ 2016ರಿಂದ ಕದೊಕಾವಾ ಪಾಲುದಾರ. ಮತ್ತೆ ಅದೇ ನೆಂಟಸ್ತಿಕೆ.

ಜಪಾನಿನವರಿಗೆ ಈ ವೇಷದ ಹುಚ್ಚು ಯಾಕೆ ಎಂದೂ ಕೇಳಿದ್ದೀರಿ. ಯಕ್ಷಗಾನದ ಸ್ತ್ರೀವೇಷ ನೋಡಿ, ಬೃಹನ್ನಳೆಯ ಕಥೆ ಕೇಳಿ ಬೆಳೆದ ನಾವು ಇದನ್ನು ಕೇಳಬಾರದು! ಅಲ್ಲಿ ಕಬುಕಿ ಎಂಬ ಹಳೆಯ ನಾಟಕ ಪ್ರಕಾರದಲ್ಲಿ ಗಂಡಸರು ಹೆಣ್ಣಿನ ಪಾತ್ರ ಮಾಡುತ್ತಾರೆ. ತಕಾರಾಜುಕಾ ಎಂಬ ಊರಿನ ನಾಟಕ ತಂಡದಲ್ಲಿ 1914ರಿಂದ ಹೆಂಗಸರೇ ಗಂಡಿನ ಪಾತ್ರ ಮಾಡುತ್ತಾರೆ. ಹೆಸರಾಂತ ಮಾಂಗಾಕಾರ ಒಸಾಮು ತೆಜುಕಾ ಆ ತಕಾರಾಜುಕಾ ಊರಿನಲ್ಲೇ ಬೆಳೆದವರು. ರಾಜಕುಮಾರನ ವೇಷದ ರಾಜಕುಮಾರಿಯ ಕಥೆ 'ಪ್ರಿನ್ಸೆಸ್ ನೈಟ್' ಅನ್ನು 1953ರಲ್ಲಿ ಶುರುಮಾಡಿದರು. ಹುಡುಗಿಯರ ಮಾಂಗಾಕ್ಕೆ ಈ ದಾರಿ ಅಲ್ಲಿಂದಲೇ ಸಿಕ್ಕಿತು ಎನ್ನಬಹುದು.

ಒಂದು ಎಚ್ಚರಿಕೆ. ಹುಡುಕುವಾಗ ತಕಾಕೊ ಶಿಮುರಾ ಅವರ 'ವಾಂಡರಿಂಗ್ ಸನ್' ಕೂಡ ಇದೇ ಪಟ್ಟಿಯಲ್ಲಿ ಕಾಣಿಸುತ್ತದೆ. ಅದು ವೇಷದ ಕಾಮಿಡಿ ಅಲ್ಲ. ತಾನು ಹುಡುಗಿ ಎಂದು ಅರಿತ ಮಗುವಿನ ಕಥೆ, ನಗಲು ಎತ್ತಿಕೊಳ್ಳಬೇಡಿ. ಓದಿದರೂ ನಿರಾಸೆ ಕಾದಿದೆ. 15 ಸಂಪುಟದಲ್ಲಿ ಎಂಟನ್ನು ಫ್ಯಾಂಟಾಗ್ರಾಫಿಕ್ಸ್ ಎಂಬ ಅಮೆರಿಕದ ಪ್ರಕಾಶನ ಬಹಳ ಚಂದದ ಗಟ್ಟಿ ರಟ್ಟಿನಲ್ಲಿ ತಂದು ಅಲ್ಲಿಗೇ ನಿಲ್ಲಿಸಿತು.

ನಮ್ಮಲ್ಲಿ ಸಿಗುವ ವಿಷಯ. ವಿಜ್ ಪುಸ್ತಕಗಳನ್ನು ಭಾರತದಲ್ಲಿ ಸೈಮನ್ ಅಂಡ್ ಶುಸ್ಟರ್ ಇಂಡಿಯಾ ಹಂಚುತ್ತದೆ. ಹಾಗಾಗಿ ಔರಾನ್ ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ. ವಿಜ್ ಮಾಂಗಾ ಆ್ಯಪ್ 2023ರ ಮೇ ತಿಂಗಳಲ್ಲಿ ಅಮೆರಿಕ, ಕೆನಡಾಕ್ಕೆ ಮಾತ್ರ ಬಂತು, ಸೆಪ್ಟೆಂಬರಿನಲ್ಲಿ ಭಾರತಕ್ಕೂ ತೆರೆಯಿತು. ಆ ಆ್ಯಪಿನಲ್ಲಿ ಹಳೆಯ ಶೋಜೊ, ಅಂದರೆ ಹುಡುಗಿಯರಿಗಾಗಿ ಬರೆದ ಮಾಂಗಾ, ಎಷ್ಟು ಇದೆ ಎಂದು ದುಡ್ಡು ಕಟ್ಟುವ ಮುಂಚೆ ನೋಡಿಕೊಳ್ಳಿ. ಟೋಕ್ಯೋಪಾಪ್ ಕಾಲದವಕ್ಕೆ ಮಾತ್ರ ಸೆಕೆಂಡ್ ಹ್ಯಾಂಡೇ ಗತಿ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳ ಕಾಮಿಕ್ಸ್ ಕಪಾಟಿನಲ್ಲಿ ಒಂಟಿ ಒಂಟಿ ಸಂಪುಟ ಕಣ್ಣಿಗೆ ಬೀಳುವುದುಂಟು. ಮೂರನೆಯದು ಇರುತ್ತದೆ, ಒಂದನೆಯದು ಇರುವುದಿಲ್ಲ.

ಔರಾನ್ ಮಾಂಗಾ ಮೊದಲು, ಆಮೇಲೆ ಹಾನಾ-ಕಿಮಿ, ಆಮೇಲೆ ಪ್ರಿನ್ಸೆಸ್ ಜೆಲ್ಲಿಫಿಶ್. ಈ ಮೂರೂ ಇಂಗ್ಲಿಷಿನಲ್ಲಿ ಪೂರ್ತಿ ಮುಗಿದಿವೆ.