ಓದುಗರ ಪ್ರಶ್ನೆ: ದಂಟಿನ ಗೋಪುರದಿಂದ ವಿನ್ಯಾಸದ ಪಾಠ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಹಳೆಯ ಪತ್ರಿಕೆ ಮತ್ತು ಅಂಟುಪಟ್ಟಿ ಕೊಟ್ಟು, ಅತಿ ಎತ್ತರದ ಗೋಪುರ ಕಟ್ಟಿದ ಗುಂಪಿಗೆ ಬಹುಮಾನ ಎಂದು ಸ್ಪರ್ಧೆ ನಡೆಸಿದೆ. ಮಕ್ಕಳು ಬಹಳ ಸಂತೋಷಪಟ್ಟರು. ಆದರೆ ಎಂಜಿನಿಯರಿಂಗ್ ವಿನ್ಯಾಸದ ಬಗ್ಗೆ ಅವರು ಏನು ಕಲಿತರೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಉತ್ತರಿಸಲಾಗಲಿಲ್ಲ. ಇದನ್ನು ಹೇಗೆ ನಡೆಸಬೇಕು?
– ವಿಜ್ಞಾನ ಶಿಕ್ಷಕಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಸ್ಪರ್ಧೆ ವ್ಯರ್ಥವಾಗಿಲ್ಲ; ಕಲಿಕೆ ಆರಂಭವಾಗಬೇಕಿದ್ದ ಹಂತದಲ್ಲಿ ಅದು ಮುಗಿದುಹೋಗಿದೆ. ಮೊದಲ ಗೋಪುರ ಎಲ್ಲಿ, ಏಕೆ ಸೋತಿತೆಂದು ನೋಡಿ, ಅದೇ ಗುಂಪು ಅದೇ ಸಾಮಗ್ರಿಯಿಂದ ಎರಡನೆಯ ಗೋಪುರ ಕಟ್ಟುವವರೆಗೆ ವಿನ್ಯಾಸ ಪ್ರಕ್ರಿಯೆ, ಅಂದರೆ ಯೋಜಿಸಿ, ಕಟ್ಟಿ, ಪರೀಕ್ಷಿಸಿ, ತಿದ್ದುವ ಕ್ರಮ, ಮಕ್ಕಳ ಕೈಗೆ ಸಿಗುವುದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಒಂದು ಅವಧಿಯ ಬದಲು ಎರಡು ಅವಧಿಗಳನ್ನು ಮೀಸಲಿಡಿ. ಈ ಪ್ರಕ್ರಿಯೆಯ ಹಂತಗಳ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದನ್ನು ದಯವಿಟ್ಟು ಕೊನೆಗೆ ಇಟ್ಟುಕೊಳ್ಳಿ.

ಎತ್ತರವೊಂದನ್ನೇ ಗುರಿಯಾಗಿ ಕೊಟ್ಟರೆ ಮಕ್ಕಳು ಒಂದರ ಮೇಲೊಂದು ಏರಿಸುತ್ತ ಹೋಗುತ್ತಾರೆ, ಯೋಚಿಸುವ ಅಗತ್ಯ ಬೀಳುವುದಿಲ್ಲ. ಬದಲಿಗೆ ಒಂದು ನಿಜವಾದ ಅಗತ್ಯವನ್ನು ಮುಂದಿಡಿ: ಊರಿಗೆ ನೀರಿನ ತೊಟ್ಟಿ ಹೊರುವ ಗೋಪುರ ಬೇಕು, ನಮ್ಮ ಮಾದರಿ 50 ಸೆಂಟಿಮೀಟರ್ ಎತ್ತರದಲ್ಲಿ ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣವನ್ನು ಒಂದು ನಿಮಿಷ ಹೊರಬೇಕು, ಮೇಜಿನ ಫ್ಯಾನಿನ ಗಾಳಿಗೆ ಅಲುಗಾಡಬಾರದು. ಕಡ್ಡಿಗಳ ಸಂಖ್ಯೆ, ದಾರದ ಉದ್ದ ಮತ್ತು ಸಮಯಕ್ಕೆ ಮಿತಿ ಹಾಕಿ. ಕೊನೆಯಲ್ಲಿ ಗೋಪುರವನ್ನೇ ತೂಗಿಸಿ, ಅದು ತನ್ನ ತೂಕದ ಎಷ್ಟು ಪಟ್ಟು ಭಾರ ಹೊತ್ತಿತೆಂದು ಲೆಕ್ಕ ಹಾಕಿಸಿ. ಆಗ ಸಿಕ್ಕಿದ್ದನ್ನೆಲ್ಲ ತುರುಕಿ ಕಟ್ಟಿದ ಗುಂಪಿಗೂ ಕಡಿಮೆ ಸಾಮಗ್ರಿಯಲ್ಲಿ ಕೆಲಸ ಸಾಧಿಸಿದ ಗುಂಪಿಗೂ ಇರುವ ಅಂತರ ಮಕ್ಕಳಿಗೇ ಕಾಣುತ್ತದೆ.

ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಿಲ್ಲ. ನಮ್ಮ ಭಾಗದಲ್ಲಿ ಸುಗ್ಗಿಯ ನಂತರ ಜೋಳದ ದಂಟಿಗೆ ಕೊರತೆಯಿಲ್ಲ. ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಮಾಡುವ ಕೌಶಲ ನಮ್ಮ ಹಳ್ಳಿಯ ಅನೇಕ ಮಕ್ಕಳಲ್ಲಿ ಈಗಲೂ ಇದೆ, ಅದನ್ನು ತರಗತಿಯೊಳಗೆ ಕರೆತರಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ದಂಟಿನ ಗಟ್ಟಿತನ ಬಹುಮಟ್ಟಿಗೆ ಹೊರಗಿನ ಸಿಪ್ಪೆಯಲ್ಲಿದೆ. ಸಿಪ್ಪೆ ಸುಲಿದ ಬೆಂಡನ್ನೂ ಸುಲಿಯದ ದಂಟನ್ನೂ ಬಗ್ಗಿಸಿ ನೋಡಿದ ಮಗುವಿಗೆ, ದೊಡ್ಡ ರಚನೆಗಳಲ್ಲಿ ಒಳಗೆ ಟೊಳ್ಳಾದ ಕೊಳವೆಗಳನ್ನು ಏಕೆ ಬಳಸುತ್ತಾರೆಂಬುದು ಅರ್ಥವಾಗುತ್ತದೆ.

ಕಟ್ಟುವ ಮುನ್ನ ಪ್ರತಿಯೊಬ್ಬರೂ ಒಂಟಿಯಾಗಿ ಒಂದು ಚಿತ್ರ ಬರೆಯಲಿ, ಆಮೇಲೆ ಗುಂಪು ಕೂಡಿ ಒಂದನ್ನು ಆರಿಸಲಿ. ಮೊದಲೇ ಗುಂಪಿನಲ್ಲಿ ಕೂರಿಸಿದರೆ ದೊಡ್ಡ ದನಿಯವರ ಚಿತ್ರವೇ ಗೆಲ್ಲುತ್ತದೆ, ಹಿಂದಿನ ಸಾಲಿನ ಹುಡುಗಿಯ ಒಳ್ಳೆಯ ಯೋಚನೆ ಹೊರಗೆ ಬರುವುದೇ ಇಲ್ಲ. ಆದರೆ ಯೋಜನೆಗೇ ಸಮಯವೆಲ್ಲ ಹೋಗದಂತೆಯೂ ನೋಡಿಕೊಳ್ಳಿ. ಪೀಟರ್ ಸ್ಕಿಲ್‌ಮನ್ ರೂಪಿಸಿದ ಪ್ರಸಿದ್ಧ ಆಟವೊಂದರಲ್ಲಿ 20 ಸ್ಪಗೆಟಿ (ಒಣ ಶಾವಿಗೆಯಂಥ) ಕಡ್ಡಿ, ಒಂದು ಗಜ ಅಂಟುಪಟ್ಟಿ ಮತ್ತು ಒಂದು ಗಜ ದಾರದಿಂದ 18 ನಿಮಿಷದಲ್ಲಿ ಗೋಪುರ ಕಟ್ಟಿ, ತುದಿಯಲ್ಲಿ ಮಾರ್ಷ್‌ಮೆಲೊ ಎಂಬ ಮೆತ್ತನೆಯ ಮಿಠಾಯಿಯನ್ನು ನಿಲ್ಲಿಸಬೇಕು. ಈ ಆಟವನ್ನು ಅನೇಕ ಕಡೆ ಆಡಿಸಿದ ಟಾಮ್ ವೂಜೆಕ್ 2010ರ ಭಾಷಣವೊಂದರಲ್ಲಿ, ವಾಣಿಜ್ಯ ಆಡಳಿತದ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳೇ ಸರಾಸರಿಯಲ್ಲಿ ಮೇಲೆಂದು ವಿವರಿಸಿದರು. ದೊಡ್ಡವರು ಬಹುಹೊತ್ತು ಚರ್ಚಿಸಿ, ಮಿಠಾಯಿಯನ್ನು ಕೊನೆಯ ಕ್ಷಣದಲ್ಲಿ ಇಡುತ್ತಾರೆ, ಗೋಪುರ ಬಾಗುತ್ತದೆ, ತಿದ್ದಲು ಸಮಯವಿರುವುದಿಲ್ಲ. ಮಕ್ಕಳು ಆರಂಭದಿಂದಲೇ ಮಿಠಾಯಿಯನ್ನಿಟ್ಟು ನೋಡುತ್ತ, ತಿದ್ದುತ್ತ ಹೋಗುತ್ತಾರೆ. ನಿಮ್ಮ ತರಗತಿಯಲ್ಲಿಯೂ ಅರ್ಧ ಕಟ್ಟಿದಾಗಲೇ ಬೇಳೆಯ ಪೊಟ್ಟಣ ಇಟ್ಟು ನೋಡಬೇಕೆಂಬ ನಿಯಮ ಮಾಡಿ.

ಇನ್ನು ಅತಿ ಮುಖ್ಯವಾದ ಭಾಗ. ‘ಬಿತ್ತು’ ಎಂದು ಬರೆದುಕೊಳ್ಳಲು ಯಾವ ಗುಂಪಿಗೂ ಬಿಡಬೇಡಿ. ಹೇಗೆ ಬಿತ್ತೆಂದು ಬರೆಯಲಿ. ಸಾಮಾನ್ಯವಾಗಿ ಮೂರು ಬಗೆಯ ಸೋಲುಗಳು ಕಾಣುತ್ತವೆ ಮತ್ತು ಮೂರಕ್ಕೂ ಮದ್ದು ಬೇರೆ. ಉದ್ದದ ಕಂಬ ನಡುವೆ ಬಿಲ್ಲಿನಂತೆ ಬಾಗಿದ್ದರೆ, ಆ ಕಂಬವನ್ನು ನಡುವಿನಲ್ಲಿ ಅಡ್ಡಕಡ್ಡಿ, ಕರ್ಣಕಡ್ಡಿಗಳಿಂದ ಹಿಡಿಯಬೇಕು. ಕಡ್ಡಿಗಳು ಸರಿಯಿದ್ದೂ ಗಂಟು ಜಾರಿದ್ದರೆ, ಕಟ್ಟುವ ವಿಧಾನ ಬದಲಾಗಬೇಕು. ಯಾವುದೂ ಮುರಿಯದೆ ಇಡೀ ಗೋಪುರವೇ ಪಕ್ಕಕ್ಕೆ ಉರುಳಿದ್ದರೆ ಗುರುತ್ವಕೇಂದ್ರದಿಂದ (ಇಡೀ ತೂಕ ಒಂದೆಡೆ ಸೇರಿದಂತೆ ವರ್ತಿಸುವ ಬಿಂದುವಿನಿಂದ) ಇಳಿಸಿದ ಲಂಬರೇಖೆ ತಳದ ಹೊರಗೆ ಹೋಗಿದೆಯೆಂದು ಅರ್ಥ, ತಳವನ್ನು ಅಗಲಿಸಬೇಕು. ಎರಡನೆಯ ಅವಧಿಯಲ್ಲಿ ಪ್ರತಿ ಗುಂಪೂ ಒಂದೇ ಒಂದು ಬದಲಾವಣೆ ಮಾಡಲಿ. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣ ಕಂಡಿತೆಂದು ತಿಳಿಯುವುದಿಲ್ಲ. ಅಂಕಗಳಲ್ಲಿ ಅರ್ಧವನ್ನಾದರೂ ಈ ಟಿಪ್ಪಣಿಗೂ ಸುಧಾರಣೆಗೂ ಕೊಡಿ.

ಪ್ರಶ್ನೆ: ನನ್ನ ಮಗಳು ಶಾಲೆಯ ಸ್ಪರ್ಧೆಗಾಗಿ ಮನೆಯಲ್ಲಿ ಗೋಪುರ ಕಟ್ಟುತ್ತಾಳೆ. ಅದು ವಾಲುವುದನ್ನು ಕಂಡರೂ ಸುಮ್ಮನಿರಬೇಕೇ?
– ತಾಯಿಯೊಬ್ಬರು, ಬೀದರ್

ಉತ್ತರ: ಕೈ ಹಾಕಬೇಡಿ, ಆದರೆ ಕೇಳಿ. ಈ ಕಡ್ಡಿಯನ್ನು ಭಾರ ಒತ್ತುತ್ತಿದೆಯೋ ಎಳೆಯುತ್ತಿದೆಯೋ ಎಂಬ ಒಂದೇ ಪ್ರಶ್ನೆ ಸಾಕು. ಗೊತ್ತಾಗದಿದ್ದರೆ ಆ ಕಡ್ಡಿಯನ್ನು ತೆಗೆದು ಅದೇ ಜಾಗದಲ್ಲಿ ದಾರ ಕಟ್ಟಲು ಹೇಳಿ. ದಾರ ಬಿಗಿಯಾಗಿ ಗೋಪುರ ನಿಂತರೆ ಅಲ್ಲಿ ಎಳೆತವಿದೆ, ದಾರ ಸಡಿಲವಾಗಿ ಗೋಪುರ ಕುಸಿದರೆ ಒತ್ತಡವಿದೆ. ಬಿಡುವಿದ್ದಾಗ ಅವಳನ್ನು ನಿಮ್ಮೂರಿನ ಮಹಮೂದ್ ಗವಾನ್ ಮದರಸಾಕ್ಕೆ ಕರೆದೊಯ್ಯಿರಿ. 1472ರ ಆ ಕಟ್ಟಡದಲ್ಲಿ ಈಗ ಉಳಿದಿರುವ ಮಿನಾರು ಮೇಲೇರಿದಂತೆ ಹೇಗೆ ಕಿರಿದಾಗುತ್ತದೆಂದು ಚಿತ್ರ ಬರೆದುಕೊಳ್ಳಲಿ. ಮೇಲಿನ ಭಾಗ ಹಗುರವಾದಷ್ಟೂ ಗುರುತ್ವಕೇಂದ್ರ ಕೆಳಗಿರುತ್ತದೆ.

ಪ್ರಶ್ನೆ: ಗೋಪುರದಂಥ ರಚನೆಗಳಲ್ಲಿ ತ್ರಿಕೋನಕ್ಕೆ ಇಷ್ಟು ಮಹತ್ವ ಏಕೆ? ಎಲ್ಲವನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಇಂದಿನ ಎಂಜಿನಿಯರುಗಳು ಹೀಗೆ ಕಟ್ಟಿ, ಕೆಡವಿ ನೋಡುತ್ತಾರೆಯೇ?
– ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಮೂರು ಬಾಹುಗಳ ಉದ್ದ ನಿಗದಿಯಾದರೆ ತ್ರಿಕೋನದ ಆಕಾರವೂ ನಿಗದಿಯಾಗುತ್ತದೆ. ಚೌಕದ ನಾಲ್ಕೂ ಬಾಹುಗಳು ಹಾಗೆಯೇ ಇದ್ದರೂ ಮೂಲೆಗಳು ತಿರುಗಿ ಅದು ವಾಲಿಬಿಡುತ್ತದೆ. ಕರ್ಣವಾಗಿ ಒಂದು ಕಡ್ಡಿ ಸೇರಿಸಿದೊಡನೆ ಎರಡು ತ್ರಿಕೋನಗಳಾಗಿ ಬಿಗಿಯುತ್ತದೆ. 1889ರಲ್ಲಿ ಪೂರ್ಣಗೊಂಡ, ಸುಮಾರು 300 ಮೀಟರ್ ಎತ್ತರದ ಐಫೆಲ್ ಗೋಪುರದ ಕಬ್ಬಿಣದ ಜಾಲರಿಯಲ್ಲಿ ಕಾಣುವುದು ಇದೇ.

ಕಂಪ್ಯೂಟರ್ ಬಂದ ಮೇಲೂ ಪರೀಕ್ಷೆ ನಿಂತಿಲ್ಲ. ಎಂಜಿನಿಯರ್ ಗುಸ್ತಾವ್ ಐಫೆಲ್ 1909ರಲ್ಲಿ ತಮ್ಮ ಗೋಪುರದ ಬುಡದಲ್ಲಿಯೇ ಗಾಳಿ ಸುರಂಗವೊಂದನ್ನು (ಮಾದರಿಗಳ ಮೇಲೆ ಗಾಳಿ ಬೀಸಿ ಪರೀಕ್ಷಿಸುವ ಕೊಳವೆಯಂಥ ಕೋಣೆ) ಕಟ್ಟಿ ಪ್ರಯೋಗ ನಡೆಸಿದ್ದರು. ಶತಮಾನದ ನಂತರ, 2010ರಲ್ಲಿ ತೆರೆದ 828 ಮೀಟರ್ ಎತ್ತರದ ದುಬೈನ ಬುರ್ಜ್ ಖಲೀಫಾದ ವಿನ್ಯಾಸಕಾರರೂ ಚಿಕ್ಕ ಮಾದರಿಗಳನ್ನು ಗಾಳಿ ಸುರಂಗದಲ್ಲಿ ಪದೇ ಪದೇ ಪರೀಕ್ಷಿಸಿ ಕಟ್ಟಡದ ರೂಪವನ್ನು ತಿದ್ದಿದರು.

ನೀವು ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ತೆಳುವಾದ, ಉದ್ದ ಕಂಬ ಬಾಗದೆ ಹೊರಬಲ್ಲ ಭಾರ ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆಂದು ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿಯೇ ತೋರಿಸಿದರು. ಅಂದರೆ ಉದ್ದ ಅರ್ಧವಾದರೆ ಸಾಮರ್ಥ್ಯ ನಾಲ್ಕು ಪಟ್ಟು. ಒಂದೇ ದಪ್ಪದ ಬಿದಿರು ಕಡ್ಡಿಗಳನ್ನು 40 ಮತ್ತು 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಅಡುಗೆಮನೆಯ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕಣ್ಣಿಗೆ ರಕ್ಷಣೆ ಇಟ್ಟುಕೊಂಡು ಮೇಲಿನಿಂದ ನಿಧಾನವಾಗಿ ಒತ್ತಿ, ಬಾಗಲು ಆರಂಭಿಸಿದಾಗಿನ ಅಳತೆಯನ್ನು ಬರೆದುಕೊಳ್ಳಿ. ಸರಿಯಾಗಿ ನಾಲ್ಕು ಪಟ್ಟು ಬರದಿದ್ದರೆ ಕಡ್ಡಿಯ ವಕ್ರತೆಯನ್ನೂ ತುದಿ ಜಾರುವುದನ್ನೂ ಪರಿಶೀಲಿಸಿ, ಮತ್ತೆ ಅಳೆಯಿರಿ.