ಒಂದು ಪದವೂ ಇಲ್ಲದೆ ಬರೀ ಕಿರುಚುವುದು ಹೇಗೆ ಕಲೆ? ಅದರಲ್ಲಿ ರಾಜಕೀಯ ಎಲ್ಲಿಂದ ಬಂತು?

ನೀವು ನೋಡಿದ ವಿಡಿಯೋದಲ್ಲಿ ಗಾಯಕಿ ಕಿರುಚಿ, ಏದುಸಿರು ಬಿಟ್ಟು, ಗುಟುರು ಹಾಕಿ ಎದ್ದು ಹೋದರು. ಇದನ್ನು ಪ್ರತಿಭಟನೆ ಅನ್ನುವುದು ಸುಮ್ನೆ ಬಡಾಯಿ ಅಲ್ವಾ ಅಂತ ಕೇಳಿದ್ದೀರಿ. ಕೆಲವು ಸಲ ಬಡಾಯಿಯೇ. ಎಲ್ಲ ಸಲ ಅಲ್ಲ.

ನಾನು ಕುಂಬಳೆ ಕಡೆಯವನು (ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು!). ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಸಭೆಯ ಹಿಂದಿನಿಂದ ಆರ್ಭಟ ಕೊಡುತ್ತಾ ಬಂದರೆ ಅದರ ಅರ್ಥ ಏನು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕಥೆ ಮೊದಲೇ ಗೊತ್ತಿರುತ್ತದೆ. ನೀವು ನೋಡಿದಂಥ ಗಾಯನದಲ್ಲಿ ಆ ಕಥೆಯನ್ನು ಕೇಳುವವರೇ ಹುಡುಕಿಕೊಳ್ಳಬೇಕು. ತೊಡಕು ಇರುವುದು ಅಲ್ಲೇ.

1960ರ ಅಮೆರಿಕ ತಗೊಳ್ಳಿ. ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕೌಂಟರುಗಳಲ್ಲಿ ಕರಿಯ ವಿದ್ಯಾರ್ಥಿಗಳು ಹೋಗಿ ಕೂತು, ಏಳುವುದಿಲ್ಲ ಅಂದ ವರ್ಷ ಅದು. ಆಗ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಮಾಡಿದ ಜಾಝ್ ಆಲ್ಬಮ್ಮಿನ ಒಂದು ಭಾಗದಲ್ಲಿ ಗಾಯಕಿ ಆ್ಯಬಿ ಲಿಂಕನ್ ಮೊದಲು ಪ್ರಾರ್ಥನೆಯ ಹಾಗೆ ಮೆಲ್ಲಗೆ ಗುನುಗುತ್ತಾರೆ. ಆಮೇಲೆ ಒಂದು ನಿಮಿಷಕ್ಕೂ ಜಾಸ್ತಿ ಕಿರುಚುತ್ತಾರೆ. ಕೊನೆಗೆ ದನಿ ಇಳಿದು ಸಮಾಧಾನಕ್ಕೆ ಬರುತ್ತದೆ. ಜೊತೆಗೆ ಡ್ರಮ್ ಬಿಟ್ಟರೆ ಬೇರೇನಿಲ್ಲ. ಸಾಹಿತ್ಯ ಇರುವ ಹಾಡುಗಳೂ ಅದೇ ಆಲ್ಬಮ್ಮಿನಲ್ಲಿವೆ, ಗುಲಾಮಗಿರಿಯ ಬಗ್ಗೆ ನೇರವಾಗಿಯೇ ಹೇಳುತ್ತವೆ. ಅಂದರೆ ಅವರಿಗೆ ಮಾತು ಸಿಗಲಿಲ್ಲ ಅಂತಲ್ಲ. ಮಾತಿಗೆ ಎದುರುಮಾತು ಆಡಬಹುದು. ಆ ಕೂಗಿಗೆ ಏನಂತ ಉತ್ತರ ಕೊಡುವುದು?

ಕೆನಡಾದ ಗಾಯಕಿ ತಾನ್ಯಾ ಟಗಾಕ್ ಅವರದು ಇನ್ನೊಂದು ದಾರಿ. ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳಾದ ಇನ್ಯೂಟ್ ಹೆಂಗಸರ ಗಂಟಲು ಹಾಡು ಮೂಲದಲ್ಲಿ ಒಂದು ಆಟ. ಇಬ್ಬರು ಎದುರುಬದುರು ನಿಂತು ಉಸಿರಿನಲ್ಲೇ ಸದ್ದು ಹೊರಡಿಸುತ್ತಾರೆ. ಮೊದಲು ನಕ್ಕವಳು ಸೋತಳು. ಮಿಷನರಿಗಳಿಗೆ ಇದು ಹಿಡಿಸಲಿಲ್ಲ, ನಿಲ್ಲಿಸಿಬಿಟ್ಟರು. ಟಗಾಕ್ ಅದನ್ನು ಒಬ್ಬರೇ ಹಾಡುತ್ತಾರೆ. 2014ರಲ್ಲಿ ಪೊಲಾರಿಸ್ ಅನ್ನುವ ಕೆನಡಾದ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಅವರು ಹಾಡುವಾಗ, ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಹೆಂಗಸರ ಹೆಸರುಗಳು ಹಿಂದಿನ ಪರದೆಯ ಮೇಲೆ ಒಂದಾದ ಮೇಲೊಂದು ಸಾಗಿದವು. ನಿಲ್ಲಿಸಿದ್ದ ದನಿಯಲ್ಲೇ, ಅಳಿಸಿಹೋದವರ ಪರವಾಗಿ ಹಾಡಿದ್ದು. ಅಲ್ಲಿ ಘೋಷಣೆ ಬೇಕಿತ್ತಾ?

ನನಗೆ ಇದು ಹತ್ತಿರ ಅನಿಸಲು ನಮ್ಮ ಊರೂ ಕಾರಣ. ಕಾಸರಗೋಡಿನಲ್ಲಿ ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಇವೆ. ಮೈಕಿನಲ್ಲಿ ಯಾರಾದರೂ ಬಾಯಿ ತೆರೆದರೆ ವಿಷಯ ಕೇಳುವ ಮೊದಲೇ 'ಇವ ಯಾವ ಕಡೆಯವ' ಅಂತ ಲೆಕ್ಕ ಹಾಕಿ ಆಗಿರುತ್ತದೆ. ಪದವಿಲ್ಲದ ದನಿಗೆ ಆ ಪಂಚಾಯಿತಿಕೆ ಇಲ್ಲ.

ಹಾಗಂತ ಮಾತು ಬಿಟ್ಟರೆ ಎಲ್ಲವೂ ಹರಿತವಾಗುತ್ತದೆ ಅಂತಲ್ಲ. ನಮ್ಮ ಕಡೆಯ ಪೊಟ್ಟನ್ ತೆಯ್ಯಂ (ಭೂತಕೋಲದ ಹಾಗೆ ವೇಷ ಕಟ್ಟಿ ಆಡುವ ದೈವ) ಜಾತಿಯನ್ನು ಕುಟುಕುವುದು ಮಾತಿನಿಂದಲೇ: ನಿನ್ನನ್ನು ಕಡಿದರೂ ನನ್ನನ್ನು ಕಡಿದರೂ ಬರುವುದು ರಕ್ತವೇ ಅಲ್ವಾ ಅನ್ನುತ್ತದೆ. ಅಲ್ಲಿ ಪದ ತೆಗೆದರೆ ಏನೂ ಉಳಿಯುವುದಿಲ್ಲ.

ಬಡಾಯಿಯನ್ನು ಗುರುತಿಸುವುದು ಹೇಗೆ? ನಾನು ಉಸಿರನ್ನು ಗಮನಿಸುತ್ತೇನೆ. ಎಲ್ಲಿ ತಡೆದರು, ಎಲ್ಲಿ ಬಿಟ್ಟರು, ಗಟ್ಟಿಯಿಂದ ಮೆಲ್ಲಗೆ ಹೇಗೆ ಇಳಿದರು. ಗಂಟಲು ಹರಿದುಕೊಳ್ಳುವುದು ಯಾರಿಗೂ ಬರುತ್ತದೆ, ಬೇಕಾದಲ್ಲಿ ನಿಲ್ಲಿಸುವುದು ಬರುವುದಿಲ್ಲ. ಕಾರ್ಯಕ್ರಮಕ್ಕಿಂತ ಮುನ್ನುಡಿ ಭಾಷಣವೇ ಉದ್ದವಾಗಿದ್ದರೆ ನನಗೆ ಅನುಮಾನ ಶುರು.

ಕೇಳುವುದಾದರೆ ಲಿಂಕನ್ ಅವರಿಂದ ಶುರು ಮಾಡಿ. ರಾತ್ರಿ ಸ್ಪೀಕರಿನಲ್ಲಿ ಹಾಕಬೇಡಿ, ಪಕ್ಕದ ಮನೆಯವರು ಓಡಿ ಬರುತ್ತಾರೆ.